ಇಂಗ್ಲಿಷ್ ಮಾತಿನ ಒತ್ತು ಮತ್ತು ಏರಿಳಿತ: ಕನ್ನಡಿಗರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ವ್ಯಾಕರಣ ಸರಿ ಇದೆ. ಪದಗಳೂ ಬೇಕಾದಷ್ಟು ಗೊತ್ತು. ಆದರೂ ಲಂಡನ್ನಿನ ಕ್ಲೈಂಟ್ ಫೋನಿನಲ್ಲಿ ಪದೇ ಪದೇ ‘ಸಾರಿ?’ ಅನ್ನುತ್ತಾರೆ. ಈ ತೊಂದರೆ ಇರುವವರು ಸುಮ್ನೆ ಕೂತಿರುವುದಿಲ್ಲ. ಸಿನಿಮಾ ನೋಡಿ ಅಮೆರಿಕನ್ನರ ಹಾಗೆ ‘ರ್’ ಹೊರಳಿಸಲು ಕಲಿತಿರುತ್ತಾರೆ, ಮಾತಿನ ವೇಗ ಹೆಚ್ಚಿಸಿರುತ್ತಾರೆ, ಕೆಲವರು ಆಕ್ಸೆಂಟ್ ಕೋರ್ಸಿಗೆ ದುಡ್ಡನ್ನೂ ಸುರಿದಿರುತ್ತಾರೆ. ಎಡವಿದ್ದು ಕ್ರಮದಲ್ಲಿ. ವಾಕ್ಯದ ರಾಗ ಕೂರುವುದು ಪದದ ಒತ್ತಿನ ಮೇಲೆ. ಒತ್ತು ಬಿಟ್ಟು ರಾಗಕ್ಕೆ ಕೈ ಹಾಕಿದರೆ ಎರಡೂ ಸಿಗುವುದಿಲ್ಲ.

ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥ ಬದಲಾಗುತ್ತದೆ: ಕಡು ಬೇರೆ, ಕಾಡು ಬೇರೆ. ಆದರೆ ‘ಕಾಡು’ ಅನ್ನುವಾಗ ಯಾವ ಅಕ್ಷರವನ್ನು ಒತ್ತಿದರೂ ಅದು ಕಾಡೇ. ಇಂಗ್ಲಿಷಿನಲ್ಲಿ ಒತ್ತಿನ ಜಾಗವೂ ಪದದ ಗುರುತಿನ ಭಾಗ. ಅದು ತಪ್ಪಿದರೆ ಎಲ್ಲ ಅಕ್ಷರಗಳೂ ಸರಿಯಾಗಿದ್ದರೂ ಕೇಳುವವರಿಗೆ ಪದ ಸಿಗದೇ ಹೋಗಬಹುದು.

ಈ ಬರಹದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಒತ್ತಿ ಹೇಳಬೇಕಾದ ಭಾಗ. ಅಡ್ಡಗೆರೆ ಸಿಲಬಲ್‌ಗಳನ್ನು, ಅಂದರೆ ಒಂದು ಸ್ವರದ ಸುತ್ತ ಒಂದೇ ಏಟಿಗೆ ಹೇಳುವ ಪದದ ಭಾಗಗಳನ್ನು, ಬೇರೆ ಮಾಡುತ್ತದೆ.

## ಶುರು ಮಾಡುವ ಮುಂಚೆ ಬೇಕಾದ ಸಾಮಾನು

ಒಂದು ಡಿಕ್ಷನರಿ. ಕೇಂಬ್ರಿಡ್ಜ್ ಅಥವಾ ಆಕ್ಸ್‌ಫರ್ಡ್ ಲರ್ನರ್ಸ್, ಯಾವುದಾದರೂ ಒಂದು. ಎರಡೂ ಆನ್‌ಲೈನ್‌ನಲ್ಲಿ ಉಚಿತ, ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರ ಎರಡನ್ನೂ ಕೇಳಿಸುತ್ತವೆ. ಉಚ್ಚಾರದ ಸಾಲಿನಲ್ಲಿ ಮೇಲ್ಗಡೆ ಒಂದು ಪುಟ್ಟ ನೇರ ಗೆರೆ ಇರುತ್ತದೆ. ಅದರ ನಂತರದ ಸಿಲಬಲ್‌ಗೆ ಒತ್ತು ಬೀಳುತ್ತದೆ. ಗೆರೆಗೆ ಮುಂಚಿನದ್ದಕ್ಕೆ ಅಂದುಕೊಂಡು ಉಲ್ಟಾ ಕಲಿಯುವವರು ಬಹಳ. ಕೆಳಗಡೆ ಗೆರೆ ಇದ್ದರೆ ಅದು ಎರಡನೇ ದರ್ಜೆಯ ಒತ್ತು. ಸದ್ಯಕ್ಕೆ ಅದನ್ನು ಬಿಡಿ.

ಫೋನಿನ ರೆಕಾರ್ಡರ್. ಇದಿಲ್ಲದೆ ಆಗುವುದಿಲ್ಲ. ಮಾತಾಡುವಾಗ ನಮ್ಮ ಕಿವಿ ನಮ್ಮನ್ನೇ ಮೋಸ ಮಾಡುತ್ತದೆ.

ಯೂಗ್ಲಿಷ್ ಅನ್ನುವ ವೆಬ್‌ಸೈಟ್. ಒಂದು ಪದ ಹಾಕಿದರೆ ಯೂಟ್ಯೂಬ್ ವಿಡಿಯೋಗಳಲ್ಲಿ ಜನ ಅದನ್ನು ಹೇಳಿದ ಜಾಗಗಳನ್ನು ತೋರಿಸುತ್ತದೆ. ಡಿಕ್ಷನರಿ ಬಿಡಿ ಪದ ಕೇಳಿಸಿದರೆ ಇದು ವಾಕ್ಯದೊಳಗೆ ಕೇಳಿಸುತ್ತದೆ.

ಕಂಪ್ಯೂಟರ್ ಇದ್ದರೆ ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರನ್ನೂ ಹಾಕಿಕೊಳ್ಳಬಹುದು. ದನಿಯ ಏರಿಳಿತವನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ. ಭಾಷಾವಿಜ್ಞಾನಿಗಳೂ ಇದನ್ನೇ ಬಳಸುತ್ತಾರೆ.

ಬ್ರಿಟಿಷ್ ಅಥವಾ ಅಮೆರಿಕನ್, ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ‘ಅಡ್ವರ್ಟೈಸ್‌ಮೆಂಟ್’ ಪದದಲ್ಲಿ ಬ್ರಿಟಿಷರು ‘ವರ್’ ಒತ್ತುತ್ತಾರೆ, ಅಮೆರಿಕನ್ನರು ‘ಟೈಸ್’ ಒತ್ತುತ್ತಾರೆ. ‘ಲ್ಯಾಬೊರೇಟರಿ’ಯಲ್ಲೂ ಇಂಥದೇ ಜಗಳ. ಇವನ್ನು ಬೆರೆಸಿದರೆ ಗೊಂದಲ ಜಾಸ್ತಿ.

## ಹಂತ 1: ಸಿಲಬಲ್ ಎಣಿಸಿ

ಒತ್ತು ಬೀಳುವುದು ಸಿಲಬಲ್ ಮೇಲೆ. ಎಣಿಕೆಯೇ ತಪ್ಪಿದರೆ ಒತ್ತು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಪದವನ್ನು ಹೇಳುತ್ತಾ ಮೇಜಿನ ಮೇಲೆ ತಟ್ಟಿ. ಒಂದು ಸ್ವರಕ್ಕೆ ಒಂದು ತಟ್ಟು.

ನಾವು ಇಲ್ಲಿ ಎರಡು ಕಡೆ ಜಾರುತ್ತೇವೆ. ಒಂದು, ಇಲ್ಲದ ಸಿಲಬಲ್ ಸೇರಿಸುವುದು. ಬಸ್ಸು, ಸ್ಕೂಲು, ಫಿಲಮ್ಮು ಅಂತ ಕನ್ನಡದಲ್ಲಿ ಹೇಳುವುದು ಸರಿಯೇ. ಇಂಗ್ಲಿಷ್ ಮಾತಾಡುವಾಗ ಆ ಕೊನೆಯ ‘ಉ’ ಬರಬಾರದು. ‘ವಾಕ್ಡ್’, ‘ಆಸ್ಕ್ಡ್’ ಕೂಡ ಒಂದೊಂದೇ ಸಿಲಬಲ್. ‘ವಾಕೆಡ್’ ಅಂದರೆ ಎರಡಾಯಿತು.

ಇನ್ನೊಂದು, ಕಾಗುಣಿತ ನೋಡಿ ಪೂರ್ತಿ ಓದುವುದು. ‘ಬಿಸಿನೆಸ್’ ಎರಡೇ ಸಿಲಬಲ್: ಬಿಝ್-ನೆಸ್. ‘ಚಾಕೊಲೇಟ್’ ಎರಡು: ಚಾಕ್-ಲೆಟ್. ‘ವೆಜಿಟೇಬಲ್’ ಮೂರು: ವೆಜ್-ಟ-ಬಲ್. ‘ಕಂಫರ್ಟಬಲ್’ ಸಾಮಾನ್ಯವಾಗಿ ಮೂರು: ಕಂಫ್-ಟ-ಬಲ್.

## ಹಂತ 2: ಪದದ ಒತ್ತು ಹಿಡಿಯಿರಿ

ಒತ್ತುವುದು ಅಂದರೆ ಕೂಗುವುದಲ್ಲ. ಒತ್ತಿದ ಸಿಲಬಲ್ ಸ್ವಲ್ಪ ಉದ್ದವಾಗುತ್ತದೆ, ಅಲ್ಲಿ ದನಿಯ ಎತ್ತರ ಬದಲಾಗುತ್ತದೆ, ಸ್ವರ ಸ್ಪಷ್ಟವಾಗುತ್ತದೆ, ತುಸು ಜೋರೂ ಆಗುತ್ತದೆ. ನಾವು ಜೋರು ಒಂದನ್ನೇ ಹಿಡಿದು ಉಳಿದದ್ದು ಬಿಟ್ಟುಬಿಡುತ್ತೇವೆ. ಇನ್ನೂ ಕೆಲವರು ವ್ಯಂಜನಕ್ಕೆ ಒತ್ತಕ್ಷರ ಹಾಕುತ್ತಾರೆ: ಕಮ್ಮಿಟ್ಟಿ, ಸಪ್ಪೋರ್ಟ್, ಅಟ್ಟೆಂಡ್. ಬರಹದಲ್ಲಿ ಎರಡು ಅಕ್ಷರ ಇದ್ದರೂ ಬಾಯಲ್ಲಿ ಒಂದೇ: ಕ-**ಮಿ**-ಟಿ, ಸ-**ಪೋರ್ಟ್**, ಅ-**ಟೆಂಡ್**. ಉದ್ದ ಮಾಡಬೇಕಾದ್ದು ಸ್ವರವನ್ನು, ವ್ಯಂಜನವನ್ನಲ್ಲ.

ಪೂರ್ತಿ ನಿಯಮ ಅಂತ ಇಲ್ಲ. ಆದರೆ ಈ ಕೆಲವು ಗೊತ್ತಿದ್ದರೆ ತುಂಬಾ ಕೆಲಸ ಉಳಿಯುತ್ತದೆ.

ಪದದ ಬಾಲ ನೋಡಿ. ಕೊನೆಯಲ್ಲಿ ಷನ್, ಇಕ್, ಇಟಿ, ಗ್ರಫಿ, ಲಜಿ ಬಂದರೆ ಒತ್ತು ಅದರ ಹಿಂದಿನ ಸಿಲಬಲ್‌ಗೆ ಹೋಗುತ್ತದೆ. ಎ-ಜು-**ಕೇ**-ಷನ್. **ಆ್ಯಕ್**-ಟಿವ್ ಇದ್ದದ್ದು ಆ್ಯಕ್-**ಟಿ**-ವಿ-ಟಿ ಆಗುತ್ತದೆ. ಇ-**ಕಾ**-ನ-ಮಿ ಇದ್ದದ್ದು ಎ-ಕ-**ನಾ**-ಮಿಕ್. ಫೋಟೋ ಕುಟುಂಬವನ್ನು ಬಾಯಿಪಾಠ ಮಾಡಿ: **ಫೋ**-ಟ-ಗ್ರಾಫ್, ಫ-**ಟಾ**-ಗ್ರ-ಫಿ, ಫೋ-ಟ-**ಗ್ರ್ಯಾ**-ಫಿಕ್. ಒಂದೇ ಬೇರು, ಒತ್ತು ಮೂರು ಕಡೆ. ತಪ್ಪಿಸಿಕೊಳ್ಳುವ ಪದಗಳೂ ಇವೆ: **ಪಾ**-ಲಿ-ಟಿಕ್ಸ್, **ಆ್ಯ**-ರ-ಬಿಕ್, **ಟೆ**-ಲಿ-ವಿ-ಷನ್.

ಬಾಲವೇ ಒತ್ತು ತೆಗೆದುಕೊಳ್ಳುವವು. ಎನ್-ಜಿ-**ನಿಯರ್**, ಟ್ರೇ-**ನೀ**, ಜ್ಯಾ-ಪ-**ನೀಸ್**. ಮೇಲೆ ಹೇಳಿದ ‘ಕಮಿಟಿ’ ಈ ಗುಂಪಿನ ಹಾಗೆ ಕಂಡರೂ ಇದಕ್ಕೆ ಸೇರಿದ್ದಲ್ಲ.

ಏನೂ ಬದಲಿಸದ ಬಾಲಗಳು. ಮೆಂಟ್, ನೆಸ್, ಲಿ, ಇಂಗ್. ಡಿ-**ವೆ**-ಲಪ್ ಗೊತ್ತಿದ್ದರೆ ಡಿ-**ವೆ**-ಲಪ್-ಮೆಂಟ್ ತಾನಾಗಿ ಬರುತ್ತದೆ. ನಮ್ಮಲ್ಲಿ ಈ ಪದವನ್ನು ಮೊದಲ ಅಕ್ಷರ ಒತ್ತಿ ‘ಡೆವಲಪ್’ ಅನ್ನುವುದು ಎಷ್ಟು ರೂಢಿಯಾಗಿದೆ ಅಂದರೆ ಸರಿಯಾಗಿ ಹೇಳಿದವರೇ ವಿಚಿತ್ರವಾಗಿ ಕಾಣುತ್ತಾರೆ. ಹೋ-**ಟೆಲ್**, ಇ-**ವೆಂಟ್**, ಸಕ್-**ಸೆಸ್**, ಮಿ-**ಸ್ಟೇಕ್** ಕೂಡ ಹಾಗೇ. ಒತ್ತು ಎರಡನೆಯದರ ಮೇಲೆ.

ಹೆಸರೋ, ಕೆಲಸವೋ? ಎರಡು ಸಿಲಬಲ್‌ನ ಕೆಲವು ಪದಗಳಲ್ಲಿ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಎರಡನೆಯದಕ್ಕೆ. **ರೆ**-ಕಾರ್ಡ್ ಅಂದರೆ ದಾಖಲೆ, ರಿ-**ಕಾರ್ಡ್** ಅಂದರೆ ದಾಖಲಿಸು. **ಪರ್**-ಮಿಟ್ ಅಂದರೆ ಪರವಾನಗಿ, ಪರ್-**ಮಿಟ್** ಅಂದರೆ ಅನುಮತಿ ಕೊಡು. ಇದನ್ನು ಕಲಿತ ಉತ್ಸಾಹದಲ್ಲಿ ಎಲ್ಲ ಪದಕ್ಕೂ ಹಾಕಬೇಡಿ. ‘ರಿಪೋರ್ಟ್’, ‘ವಿಸಿಟ್’, ‘ಆನ್ಸರ್’ ಎರಡು ಅರ್ಥದಲ್ಲೂ ಬದಲಾಗುವುದಿಲ್ಲ.

ಜೋಡಿ ಪದಗಳು. ಎರಡು ನಾಮಪದ ಸೇರಿ ಒಂದೇ ವಸ್ತುವಿನ ಹೆಸರಾದರೆ ಸಾಮಾನ್ಯವಾಗಿ ಒತ್ತು ಮೊದಲ ಪದಕ್ಕೆ: **ಬಸ್** ಸ್ಟಾಪ್, **ಪಾಸ್**‌ವರ್ಡ್, **ಕ್ರೆ**ಡಿಟ್ ಕಾರ್ಡ್.

ಅಭ್ಯಾಸ ಹೀಗೆ ಮಾಡಿ. ಸಿಕ್ಕಸಿಕ್ಕ ಪಟ್ಟಿ ಹಿಡಿಯಬೇಡಿ. ನಿಮ್ಮ ಕೆಲಸದಲ್ಲಿ ದಿನಾ ಬರುವ ಐವತ್ತು ಪದ ಬರೆದುಕೊಳ್ಳಿ, ಒಂದೊಂದನ್ನೂ ಡಿಕ್ಷನರಿಯಲ್ಲಿ ಕೇಳಿ ಗುರುತು ಹಾಕಿ. ನರ್ಸ್‌ಗೆ ಬೇಕಾದ ಪದಗಳೇ ಬೇರೆ, ಟೆಸ್ಟಿಂಗ್ ಇಂಜಿನಿಯರ್‌ಗೆ ಬೇಕಾದವೇ ಬೇರೆ.

## ಹಂತ 3: ಉಳಿದ ಸಿಲಬಲ್‌ಗಳನ್ನು ಸಡಿಲ ಬಿಡಿ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒತ್ತಬೇಕಾದ್ದನ್ನು ಒತ್ತುತ್ತಾರೆ, ಆದರೆ ಉಳಿದವನ್ನೂ ಪೂರ್ತಿ ಉಚ್ಚರಿಸುತ್ತಾರೆ. ಆಗ ಒತ್ತು ಎದ್ದು ಕಾಣುವುದೇ ಇಲ್ಲ.

ಒತ್ತಿಲ್ಲದ ಸಿಲಬಲ್‌ನ ಸ್ವರ ಇಂಗ್ಲಿಷಿನಲ್ಲಿ ಬಹಳ ಸಲ ಸವೆದು ಒಂದೇ ಮಸುಕು ದನಿಯಾಗುತ್ತದೆ. ಅದರ ಹೆಸರು ಶ್ವಾ. ಡಿಕ್ಷನರಿಯಲ್ಲಿ ತಲೆಕೆಳಗಾದ ಇಂಗ್ಲಿಷ್ ಇ ಅಕ್ಷರದ ಹಾಗೆ ಕಾಣುತ್ತದೆ. ನಮ್ಮ ಹ್ರಸ್ವ ‘ಅ’ ಅದಕ್ಕೆ ಬಹಳ ಹತ್ತಿರ. ಅದನ್ನೇ ಇನ್ನೂ ಹಗುರವಾಗಿ, ಗಿಡ್ಡವಾಗಿ ಹೇಳಿದರೆ ಸಾಕು. ಯಾವ ಸ್ವರಾಕ್ಷರವೂ ಶ್ವಾ ಆಗಬಹುದು: ಅ-**ಬೌಟ್**, **ಪೆನ್**-ಸಲ್, **ಲೆ**-ಮನ್, **ಸರ್**-ಕಸ್. ಕಾಗುಣಿತ ನೋಡಿ ‘ಪೆನ್ಸಿಲ್’, ‘ಲೆಮೋನ್’ ಅಂದರೆ ಕೆಡುತ್ತದೆ.

ಹೀಗೆ ನುಂಗಿ ಮಾತಾಡುವುದು ಸೋಮಾರಿತನ ಅಂತ ಕೆಲವರಿಗೆ ಮುಜುಗರ. ನಾವೂ ನುಂಗುತ್ತೇವಲ್ಲ! ‘ಮಾಡುತ್ತಾನೆ’ ಅನ್ನುವುದನ್ನು ‘ಮಾಡ್ತಾನೆ’ ಅನ್ನುತ್ತೇವೆ, ‘ಹೋಗಿಬಿಟ್ಟ’ ಅನ್ನುವುದು ‘ಹೋಗ್ಬಿಟ್ಟ’ ಆಗುತ್ತದೆ. ಕನ್ನಡದಲ್ಲಿ ಬರೆದ ಹಾಗೇ ಮಾತಾಡುವವರನ್ನು ಕಂಡರೆ ನಗು ಬರುತ್ತದೆ, ಅಲ್ವಾ?

ಎಚ್ಚರಿಕೆಯ ಗುರುತು: ನಿಮ್ಮ ರೆಕಾರ್ಡಿಂಗ್‌ನಲ್ಲಿ ‘ಕಂಪ್ಯೂಟರ್’ನ ಮೂರೂ ಸಿಲಬಲ್ ಒಂದೇ ಉದ್ದಕ್ಕೆ ಕೇಳಿಸಿದರೆ ಮುಂದಿನ ಹಂತಕ್ಕೆ ಹೋಗಬೇಡಿ. ‘ಪ್ಯೂ’ ಉದ್ದ, ಅಕ್ಕಪಕ್ಕದವು ಗಿಡ್ಡ ಆಗುವ ತನಕ ಇಲ್ಲೇ ನಿಲ್ಲಿ.

## ಹಂತ 4: ವಾಕ್ಯಕ್ಕೆ ಪ್ರಸ್ತಾರ ಹಾಕಿ

ಹೈಸ್ಕೂಲಿನಲ್ಲಿ ಷಟ್ಪದಿಗೆ ಲಘು–ಗುರು ಹಾಕಿದ್ದು ನೆನಪಿದೆಯಾ? ಅದೇ ಕೆಲಸ. ವ್ಯತ್ಯಾಸ ಒಂದೇ. ಕನ್ನಡದಲ್ಲಿ ಗುರು ಯಾವುದು ಅಂತ ಬರಹ ನೋಡಿಯೇ ಹೇಳಬಹುದು: ದೀರ್ಘ ಇದೆಯಾ, ಮುಂದೆ ಒತ್ತಕ್ಷರ ಇದೆಯಾ ಅಂತ. ಇಂಗ್ಲಿಷಿನಲ್ಲಿ ಅದನ್ನು ಪದದ ಕೆಲಸ ನಿರ್ಧರಿಸುತ್ತದೆ.

ಅರ್ಥ ಹೊರುವ ಪದಗಳಿಗೆ ಗುರು: ನಾಮಪದ, ಮುಖ್ಯ ಕ್ರಿಯಾಪದ, ವಿಶೇಷಣ, ಪ್ರಶ್ನೆಯ ಪದ, ‘ನಾಟ್’. ಕಟ್ಟು ಹಾಕುವ ಪದಗಳಿಗೆ ಲಘು: ಎ, ದ, ಟು, ಆಫ್, ಫಾರ್, ಅಂಡ್, ಕ್ಯಾನ್, ವಾಸ್, ಹ್ಯಾವ್, ದೆಮ್. ಒಂದು ವಾಕ್ಯ ನೋಡಿ:

ಐ **ವಾನ್**-ಟಿಡ್ ಟ **ಟಾಕ್** ಟ ದ **ಮ್ಯಾ**-ನಿ-ಜರ್ ಅ-ಬೌಟ್ ದ ಡಿ-**ಲಿ**-ವ-ರಿ.

ನಾಲ್ಕೇ ಗುರು. ಆ ನಾಲ್ಕಕ್ಕೆ ಮೇಜು ತಟ್ಟಿ, ನಡುವಿನದನ್ನು ಆ ಜಾಗದೊಳಗೆ ತುರುಕಿ. ತಟ್ಟುಗಳ ನಡುವಿನ ಸಮಯ ಹೆಚ್ಚೂಕಡಿಮೆ ಸಮ ಇರಲಿ. ಯಂತ್ರ ಹಿಡಿದು ಅಳೆದರೆ ಇಂಗ್ಲಿಷರ ಮಾತಿನಲ್ಲೂ ಅದು ಕರಾರುವಾಕ್ಕಾಗಿ ಸಮ ಬರುವುದಿಲ್ಲ. ಅಭ್ಯಾಸಕ್ಕೆ ಈ ಲೆಕ್ಕ ಸಾಕು.

ಗಮನಿಸಿ, ‘ಟು’ ಇಲ್ಲಿ ‘ಟ’ ಆಗಿದೆ. ‘ಆಫ್’ ‘ಅವ್’ ಆಗುತ್ತದೆ, ‘ಫಾರ್’ ‘ಫರ್’, ‘ಅಂಡ್’ ಬರೀ ‘ಅನ್’. ವಾಕ್ಯದ ಕೊನೆಯಲ್ಲಿ ಬಂದರೆ, ಇಲ್ಲವೇ ಬೇಕೆಂದೇ ಒತ್ತಿದರೆ, ಇಂಥ ಪದಗಳು ಪೂರ್ತಿ ರೂಪಕ್ಕೆ ಮರಳುತ್ತವೆ: ವೇರ್ ಆರ್ ಯು ಫ್ರಾಮ್? ಯೆಸ್, ಐ ಕ್ಯಾನ್.

ಇದರಲ್ಲಿ ಒಂದು ನಿಜವಾಗಿ ಅಪಾಯಕಾರಿ. ‘ಬರುತ್ತೇನೆ’ ಅನ್ನಲು ‘ಐ ಕನ್ **ಕಮ್**’. ‘ಬರಲಾಗಲ್ಲ’ ಅನ್ನಲು ‘ಐ **ಕಾಂಟ್** **ಕಮ್**’, ಅಮೆರಿಕದಲ್ಲಾದರೆ ‘**ಕ್ಯಾಂಟ್**’. ಅಮೆರಿಕನ್ನರು ಕೊನೆಯ ‘ಟ್’ ಅನ್ನು ಬಹಳ ಸಲ ಕೇಳಿಸದ ಹಾಗೆ ನುಂಗಿಬಿಡುತ್ತಾರೆ. ಅವರ ಕಿವಿ ಹಿಡಿಯುವುದು ಪದ ಬಲವಾಗಿದೆಯೋ ಸವೆದಿದೆಯೋ ಅನ್ನುವುದನ್ನು. ನೀವು ಉತ್ಸಾಹದಿಂದ ‘ಐ **ಕ್ಯಾನ್** ಕಮ್’ ಅಂದರೆ ಅವರಿಗೆ ‘ಬರಲ್ಲ’ ಅಂತ ಕೇಳಿಸಬಹುದು.

ಸಂಖ್ಯೆಗಳಲ್ಲೂ ಹುಷಾರು. 13 ಅಂದರೆ ಥರ್-**ಟೀನ್**, 30 ಅಂದರೆ **ಥರ್**-ಟಿ. ಆದರೆ ಅದಾದ ಕೂಡಲೇ ಇನ್ನೊಂದು ಒತ್ತಿನ ಪದ ಬಂದರೆ ‘ಟೀನ್’ನ ಒತ್ತು ಮೊದಲ ಸಿಲಬಲ್‌ಗೆ ಜಿಗಿಯುತ್ತದೆ: **ಫಿಫ್**-ಟೀನ್ **ಥೌ**-ಸಂಡ್. ಆಗ 15 ಸಾವಿರಕ್ಕೂ 50 ಸಾವಿರಕ್ಕೂ ಒತ್ತಿನಲ್ಲಿ ಭೇದವೇ ಇರುವುದಿಲ್ಲ. ದುಡ್ಡಿನ ವಿಷಯವಾದರೆ ‘ವನ್ ಫೈವ್’ ಅಂತ ಬಿಡಿಸಿ ಹೇಳಿಬಿಡಿ.

## ಹಂತ 5: ಮಾತನ್ನು ತುಂಡು ಮಾಡಿ

ಉದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೇಳಬೇಡಿ. ಅರ್ಥ ಒಡೆಯುವ ಕಡೆ ತುಂಡು ಮಾಡಿ. ಎಲ್ಲಿ ಒಡೆಯುತ್ತೀರಿ ಅನ್ನುವುದರ ಮೇಲೆ ಅರ್ಥ ನಿಂತಿರುತ್ತದೆ:

ದ ಎಂಪ್ಲಾಯೀಸ್ ಹೂ ವರ್ಕ್ ಫ್ರಮ್ ಹೋಮ್ / ಗೆಟ್ ಎ ಲ್ಯಾಪ್‌ಟಾಪ್.

ದ ಎಂಪ್ಲಾಯೀಸ್ / ಹೂ ವರ್ಕ್ ಫ್ರಮ್ ಹೋಮ್ / ಗೆಟ್ ಎ ಲ್ಯಾಪ್‌ಟಾಪ್.

ಮೊದಲನೆಯದರಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಮಾತ್ರ ಲ್ಯಾಪ್‌ಟಾಪ್. ಎರಡನೆಯದರಲ್ಲಿ ಎಲ್ಲರಿಗೂ. ಅವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಾರೆ ಅನ್ನುವುದು ಜೊತೆಗೆ ಸೇರಿಸಿದ ಮಾತು. ‘ಮನೆಯಿಂದ ಕೆಲಸ ಮಾಡುವ ನೌಕರರು’ ಅಂತ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ನಡೆಯುತ್ತದೆ, ಅದಕ್ಕೇ ನಮಗೆ ಈ ಒಡಕು ಹೊಳೆಯುವುದಿಲ್ಲ.

ಫೋನ್ ನಂಬರ್, ವಿಳಾಸ, ಇ-ಮೇಲ್ ಹೇಳುವಾಗಲೂ ಇದೇ. ಮೂರು ಮೂರು ಅಥವಾ ನಾಲ್ಕು ನಾಲ್ಕು ಅಂಕಿ ಹೇಳಿ ನಿಲ್ಲಿ.

## ಹಂತ 6: ಒಂದು ತುಂಡಿಗೆ ಒಂದೇ ಶಿಖರ

ಪ್ರತಿ ತುಂಡಿನಲ್ಲೂ ಒಂದು ಸಿಲಬಲ್ ಎಲ್ಲಕ್ಕಿಂತ ಎದ್ದು ಕಾಣಬೇಕು. ದನಿ ಏರುವುದೋ ಇಳಿಯುವುದೋ ಶುರುವಾಗುವುದು ಅಲ್ಲೇ. ವಿಶೇಷ ಕಾರಣ ಇಲ್ಲದಿದ್ದರೆ ಅದು ತುಂಡಿನ ಕೊನೆಯ ಗುರು: ಐ ವಿಲ್ ಸೆಂಡ್ ಯು ದ **ಫೈಲ್**.

ಕಾರಣ ಇದ್ದರೆ ಶಿಖರ ಜಾಗ ಬದಲಿಸುತ್ತದೆ. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಒಂದು ಪದಕ್ಕೆ ತೂಕ ಕೊಡಲು ನಾವು ಬಾಲಕ್ಕೆ ‘ಏ’, ‘ಊ’, ‘ಅಂತೂ’ ಅಂಟಿಸುತ್ತೇವೆ, ಇಲ್ಲವೇ ಪದಗಳ ಜಾಗ ಬದಲಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಬಾಲಗಳಿಲ್ಲ, ಪದಗಳೂ ಸುಲಭವಾಗಿ ಅಲುಗಾಡುವುದಿಲ್ಲ. ಆ ಕೆಲಸದ ಬಹುಪಾಲನ್ನು ದನಿ ಮಾಡುತ್ತದೆ.

**ಐ** ಡಿಡ್ನ್ಟ್ ಟೇಕ್ ಯುವರ್ ಚಾರ್ಜರ್: ನಾನಂತೂ ತಗೊಂಡಿಲ್ಲ, ಬೇರೆ ಯಾರೋ ಇರಬೇಕು.
ಐ ಡಿಡ್ನ್ಟ್ **ಟೇಕ್** ಯುವರ್ ಚಾರ್ಜರ್: ನೋಡಿದೆ ಅಷ್ಟೇ, ತಗೊಂಡಿಲ್ಲ.
ಐ ಡಿಡ್ನ್ಟ್ ಟೇಕ್ **ಯುವರ್** ಚಾರ್ಜರ್: ತಗೊಂಡಿದ್ದು ನಿನ್ನದನ್ನಲ್ಲ.
ಐ ಡಿಡ್ನ್ಟ್ ಟೇಕ್ ಯುವರ್ **ಚಾರ್**ಜರ್: ತಗೊಂಡಿದ್ದು ಚಾರ್ಜರ್ ಅಲ್ಲ, ಬೇರೇನೋ.

ನಾವು ಎಲ್ಲೆಂದರಲ್ಲಿ ‘ಓನ್ಲಿ’ ಹಾಕುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ‘ಐ ಓನ್ಲಿ ಟೋಲ್ಡ್ ಹಿಮ್’ ಅಂದರೆ ನಮ್ಮ ಮನಸ್ಸಿನಲ್ಲಿ ‘ನಾನೇ ಹೇಳಿದೆ’. ‘ಹಿ ಈಸ್ ಇನ್ ಮೈಸೂರ್ ಓನ್ಲಿ’ ಅಂದರೆ ‘ಮೈಸೂರಲ್ಲೇ ಇದ್ದಾನೆ’. ಆ ‘ಓನ್ಲಿ’ ನಮ್ಮ ‘ಏ’ಕಾರ. ಹೊರದೇಶದವರ ಜೊತೆ ಮಾತಾಡುವಾಗ ಅದನ್ನು ಕಿತ್ತುಹಾಕಿ, ತೂಕವನ್ನು ದನಿಗೆ ಕೊಡಿ: **ಐ** ಟೋಲ್ಡ್ ಹಿಮ್.

ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ: ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಏ’ ಎಲ್ಲಿ ಬಿತ್ತೋ ನೋಡಿ. ಇಂಗ್ಲಿಷಿನ ಅದೇ ಪದಕ್ಕೆ ಶಿಖರ ಇಡಿ.

ಇಲ್ಲಿ ಆಗುವ ದೊಡ್ಡ ತಪ್ಪು, ಆಗಲೇ ಹೇಳಿದ ಪದವನ್ನು ಮತ್ತೆ ಒತ್ತುವುದು. ‘ನಾಟ್ ದ **ಬ್ಲೂ** ಫೈಲ್, ದ **ರೆಡ್** ಫೈಲ್’ ಅನ್ನಬೇಕು. ಎರಡನೇ ‘ಫೈಲ್’ ಒತ್ತಿದರೆ ಕೇಳುವವರು ಯಾವುದೋ ಹೊಸ ಫೈಲ್ ಹುಡುಕುತ್ತಾರೆ. ಶಿಖರ ಆದ ಮೇಲೆ ಬರುವ ಪದಗಳೆಲ್ಲ ತಗ್ಗಿದ ದನಿಯಲ್ಲಿ ಹರಿದುಹೋಗಬೇಕು.

ಎಚ್ಚರಿಕೆಯ ಗುರುತು: ನೀವು ಸಮಾಧಾನವಾಗಿ ಹೇಳಿದ್ದಕ್ಕೂ ‘ಕೋಪ ಬಂತಾ?’ ಅಂತ ಯಾರಾದರೂ ಕೇಳಿದರೆ, ಒಂದೇ ತುಂಡಿನಲ್ಲಿ ಮೂರು ನಾಲ್ಕು ಶಿಖರ ಎಬ್ಬಿಸುತ್ತಿದ್ದೀರಿ.

## ಹಂತ 7: ಏರಿಳಿತ ಸೇರಿಸಿ

ಇಲ್ಲಿಯವರೆಗೆ ಬಂದಿದ್ದರೆ ರಾಗ ಸುಲಭ. ಶುರುವಿಗೆ ಮೂರು ಸಾಕು.

ಇಳಿತ. ಮಾತು ಮುಗಿಯಿತು ಅಂತ ಹೇಳುತ್ತದೆ. ಸಾಮಾನ್ಯ ಹೇಳಿಕೆಗೆ, ಮತ್ತೆ ವಾಟ್, ವೇರ್, ವೆನ್ ಅಂತ ಶುರುವಾಗುವ ಪ್ರಶ್ನೆಗೆ. ಪ್ರಶ್ನೆ ಅಂದರೆಲ್ಲ ಏರಿಸಬೇಕು ಅನ್ನುವುದು ತಪ್ಪು ಕಲ್ಪನೆ. ‘ವೆನ್ ಡಸ್ ಇಟ್ ಸ್ಟಾರ್ಟ್?’ ಇಳಿಯುತ್ತದೆ.

ಏರಿಕೆ. ‘ಹೌದು–ಇಲ್ಲ’ ಉತ್ತರದ ಪ್ರಶ್ನೆಗೆ. ಕನ್ನಡದಲ್ಲಿ ‘ಬಂದ್ಯಾ?’ ಅಂದಾಗ ಕೊನೆಯ ‘ಆ’ ಕೇಳಿದರೇ ಪ್ರಶ್ನೆ ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದದ ಪ್ರಶ್ನೆಗೆ ಏರಿಕೆ ಬಿಟ್ಟರೆ ಗತಿ ಇಲ್ಲ. ಜಾನ್ ಗಂಪರ್ಜ್ ಅನ್ನುವ ಭಾಷಾವಿಜ್ಞಾನಿ ದಾಖಲಿಸಿದ ಒಂದು ಪ್ರಸಂಗ ಇದೆ. ಬ್ರಿಟನ್ನಿನ ವಿಮಾನ ನಿಲ್ದಾಣವೊಂದರ ನೌಕರರ ಕ್ಯಾಂಟೀನಿಗೆ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಕೆಲಸಕ್ಕೆ ಸೇರಿದರು. ಊಟ ಬಡಿಸುವಾಗ ‘ಗ್ರೇವಿ’ ಅಂತ ಇಳಿದನಿಯಲ್ಲಿ ಕೇಳುತ್ತಿದ್ದರು. ಅವರ ಮನಸ್ಸಿನಲ್ಲಿ ಅದು ‘ಗ್ರೇವಿ ಬೇಕಾ?’ ಅಂತ. ಗಿರಾಕಿಗಳಿಗೆ ‘ಇದು ಗ್ರೇವಿ, ತಗೊಳ್ಳಿ’ ಅಂತ ಒರಟಾಗಿ ಕೇಳಿಸುತ್ತಿತ್ತು. ದನಿಯ ವ್ಯತ್ಯಾಸ ಗೊತ್ತಾಗುವ ತನಕ ಎರಡೂ ಕಡೆ ಅಸಮಾಧಾನ ಇತ್ತು.

ಇಳಿದು ಏರುವುದು. ಒಪ್ಪಿಗೆ ಇದೆ, ಹಿಂದೆ ಒಂದು ‘ಆದರೆ’ಯೂ ಇದೆ ಅನ್ನುವಾಗ. ‘ದ ಡಿಸೈನ್ ಈಸ್ ಗುಡ್’ ಅಂತ ಬರೀ ಇಳಿಸಿದರೆ ಮೆಚ್ಚುಗೆ. ‘ಗುಡ್’ ಮೇಲೆ ಇಳಿಸಿ ಮತ್ತೆ ಸ್ವಲ್ಪ ಎತ್ತಿದರೆ ‘ಡಿಸೈನ್ ಏನೋ ಚೆನ್ನಾಗಿದೆ…’ ಅಂದ ಹಾಗೆ. ಇದನ್ನು ಹೇಳುವುದಕ್ಕಿಂತ ಕೇಳಿ ಗುರುತಿಸುವುದು ಮುಖ್ಯ. ಬ್ರಿಟಿಷ್ ಬಾಸ್ ಹೀಗಂದಾಗ ಹೊಗಳಿದರು ಅಂತ ಖುಷಿಪಟ್ಟರೆ ಮುಂದಿನ ಮೇಲ್‌ನಲ್ಲಿ ತಿದ್ದುಪಡಿಗಳ ಪಟ್ಟಿ ಬರುತ್ತದೆ.

ಪಟ್ಟಿ ಹೇಳುವಾಗ ಕೊನೆಯದನ್ನು ಬಿಟ್ಟು ಎಲ್ಲಕ್ಕೂ ಏರಿಕೆ, ಕೊನೆಯದಕ್ಕೆ ಇಳಿತ. ‘ಡಿಡ್ನ್ಟ್ ಯು?’, ‘ಈಸ್ನ್ಟ್ ಇಟ್?’ ಅಂತ ಬಾಲ ಸೇರಿಸುವಾಗ, ಇಳಿಸಿದರೆ ‘ಗೊತ್ತು ಬಿಡು, ಒಪ್ಪಿಕೋ’ ಅಂತ. ಏರಿಸಿದರೆ ನಿಜವಾಗಿ ಕೇಳುತ್ತಿದ್ದೀರಿ ಅಂತ.

## ಹಂತ 8: ರೆಕಾರ್ಡ್ ಮಾಡಿ, ಕೆಟ್ಟ ಹಂತ ಹುಡುಕಿ

ಒಂದು ನಿಮಿಷದ ಸುದ್ದಿ ಅಥವಾ ಸಂದರ್ಶನ ಆರಿಸಿಕೊಳ್ಳಿ. ಮಾತುಗಳನ್ನು ಬರೆದುಕೊಂಡು ತುಂಡು, ಗುರು, ಶಿಖರ, ಏರಿಳಿತ ಇದೇ ಕ್ರಮದಲ್ಲಿ ಗುರುತು ಹಾಕಿ. ಆಮೇಲೆ ನೀವು ಹೇಳಿ ರೆಕಾರ್ಡ್ ಮಾಡಿ. ಎರಡನ್ನೂ ಒಂದೊಂದೇ ತುಂಡು ಕೇಳಿಸಿ ಹೋಲಿಸಿ. ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಕೊನೆಗೆ ಬರಹ ಪಕ್ಕಕ್ಕಿಟ್ಟು ಅದೇ ವಿಷಯವನ್ನು ನಿಮ್ಮ ಮಾತಿನಲ್ಲಿ ಹೇಳಿ. ಓದುವಾಗ ಸರಿ ಇದ್ದದ್ದು ಮಾತಾಡುವಾಗ ಕುಸಿಯುವುದು ಸಹಜ.

ಫೋನಿನ ವಾಯ್ಸ್ ಟೈಪಿಂಗ್ ನಿಮ್ಮ ಮಾತನ್ನು ಸರಿಯಾಗಿ ಬರೆದುಕೊಂಡಿತು ಅಂತ ನಂಬಬೇಡಿ. ಅದು ಅಕ್ಕಪಕ್ಕದ ಪದ ನೋಡಿ ಊಹಿಸುತ್ತದೆ, ಒತ್ತು ತಪ್ಪಿದರೂ ಬರೆದುಬಿಡುತ್ತದೆ. ಐಎಲ್ಟ್ಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಸ್ಪೀಕಿಂಗ್ ಅಂಕದ ನಾಲ್ಕು ಮಾನದಂಡಗಳಲ್ಲಿ ಉಚ್ಚಾರವೂ ಒಂದು, ಅದರಲ್ಲಿ ಒತ್ತು ಮತ್ತು ಏರಿಳಿತ ಸೇರಿವೆ.

ಎಲ್ಲಿ ಕೆಟ್ಟಿದೆ ಅಂತ ಹುಡುಕಲು ಕೇಳುವವರ ಮುಖ ಸಾಕು. ಸುಲಭದ ಪದಕ್ಕೆ ‘ಸಾರಿ?’ ಬಂದರೆ 2ನೇ ಹಂತ. ಪದ ಸಿಕ್ಕಿದರೂ ಅವರು ಕಷ್ಟಪಟ್ಟು ಕೇಳುತ್ತಿದ್ದರೆ 3 ಮತ್ತು 4. ವಾಕ್ಯದ ನಡುವೆ ನಿಮಗೇ ಉಸಿರು ಕಟ್ಟಿದರೆ 5. ನೀವು ಹೇಳಿದ್ದು ಒಂದು, ಅವರು ಉತ್ತರಿಸಿದ್ದು ಇನ್ನೊಂದಕ್ಕೆ ಅನ್ನಿಸಿದರೆ 6. ಪ್ರಶ್ನೆ ಕೇಳಿದಿರಿ, ಅವರು ಸುಮ್ಮನೆ ತಲೆಯಾಡಿಸಿ ಕೂತರು ಅಂದರೆ, ಅಥವಾ ನೀವು ಮುಗಿಸುವ ಮುಂಚೆಯೇ ಅವರು ಶುರು ಮಾಡಿದರು ಅಂದರೆ, 7ನೇ ಹಂತಕ್ಕೆ ವಾಪಸ್ ಹೋಗಿ. ದನಿ ಇಳಿಯಬಾರದ ಕಡೆ ಇಳಿದಿದೆ.